ವೀಣೆ ಹೊರಟಿತು ಕಛೇರಿಗೆ... ಹುಷಾರು!

ಪಕ್ಕದ ಬೀದಿಯ ಗಣೇಶೋತ್ಸವ ಇರಲಿ, ಪರವೂರಿನ ಕಛೇರಿ ಇರಲಿ, ನಾಲ್ಕಡಿ ಉದ್ದದ ವೀಣೆಯನ್ನು ಜೋಪಾನವಾಗಿ ಕರೆದೊಯ್ದು, ನುಡಿಸಿ, ವಾಪಸ್ ಕರೆತರೋದು ಹೇಗೆ? ಇಲ್ಲಿವೆ ಒಂದಿಷ್ಟು ಅನುಭವದ ಟಿಪ್ಸ್.

"ನಾನೂ ವೀಣೆ ಕಲ್ತಿದ್ದೆ ಕಣ್ರೀ. ಸೀನಿಯರ್ ಪರೀಕ್ಷೆನೂ ಪಾಸಾಗಿತ್ತು. ಈಗೆಲ್ಲಿ... ವೀಣೆ ತವರುಮನೆ ಅಟ್ಟದ ಮೇಲಿದೆ!"

ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲೋ, ಮಗುವಿನ ಸ್ಕೂಲ್ ಗೇಟಿನ ಮುಂದೋ ಈ ಮಾತನ್ನ ನೀವೂ ಕೇಳಿರ್ತೀರಿ. ಬಹುಶಃ ನೀವೇ ಹೇಳಿರ್ತೀರಿ. ಯಾಕೆ ಬಿಟ್ರಿ ಅಂತ ಕೇಳಿದ್ರೆ ಸಿಗೋ ಉತ್ತರ "ಪುರುಸೊತ್ತೆಲ್ಲಿ?" ಅಂತ. ಆದರೆ ಸ್ವಲ್ಪ ಯೋಚಿಸಿ ನೋಡಿ. ಹಾಡು ಕಲಿತವರು ಸಾರಿಗೆ ಒಗ್ಗರಣೆ ಹಾಕ್ತಾನೇ ಹಾಡ್ಕೋತಾರೆ. ಪಿಟೀಲು ಕಲಿತವರು ಪೆಟ್ಟಿಗೆಯನ್ನ ಕೈಲಿ ಹಿಡಿದು ಬಸ್ ಹತ್ತುತ್ತಾರೆ. ವೀಣೆ ಕಲಿತ ನಾವು ಮಾತ್ರ ಮದುವೆಯಾದ ದಿನ ಅದನ್ನ ತವರಲ್ಲೇ ಬಿಟ್ಟು ಬರ್ತೀವಿ. "ಆಮೇಲೆ ತಗೊಂಡು ಹೋದ್ರಾಯ್ತು" ಅಂತ. ಆ ಆಮೇಲೆ ಅನ್ನೋದು ಬರೋದೇ ಇಲ್ಲ. ಯಾಕೆಂದ್ರೆ ತರೋದು ಹೇಗೆ ಅಂತ ಯಾರಿಗೂ ಗೊತ್ತಿರಲ್ಲ!

ನನ್ನ ವೀಣೆಯೂ ಹಾಸನದ ಮನೆಯಲ್ಲಿ ಆರು ವರ್ಷ ಹೀಗೇ ಮಲಗಿತ್ತು. ಕೊನೆಗೊಮ್ಮೆ ಧೈರ್ಯ ಮಾಡಿ, ಬರೀ ಬಟ್ಟೆಯ ಕವರ್ ಹಾಕಿ ರಾತ್ರಿ ಬಸ್ಸಿಗೆ ತಂದೆ. "ಮೇಡಂ, ಇಷ್ಟುದ್ದದ್ದು ಒಳಗೆ ಇಡಂಗಿಲ್ಲ, ಡಿಕ್ಕಿಗೆ ಹಾಕಿ" ಅಂದ್ರು ಕಂಡಕ್ಟರ್. ಹಾಕಿದೆ. ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು ಕವರ್ ಬಿಚ್ಚಿದಾಗ ಬುರುಡೆ ಬಿರುಕು ಬಿಟ್ಟಿತ್ತು, ನಾಲ್ಕು ಮೆಟ್ಟಿಲು ಮೇಣದಿಂದ ಎದ್ದು ಬಂದಿದ್ದವು. ತಪ್ಪು ಕಂಡಕ್ಟರದ್ದಲ್ಲ ಬಿಡಿ, ಏನೂ ತಿಳಿಯದೆ ಹೊರಟ ನನ್ನದು. ರಿಪೇರಿಗೆ ಮೂರು ವಾರ ಹಿಡೀತು. ಆ ಮೂರು ವಾರದಲ್ಲಿ ವೀಣೆ ಮಾಡುವವರ ಹತ್ತಿರ, ನಮ್ಮ ಹಳೇ ಮೇಷ್ಟ್ರ ಹತ್ತಿರ ಕೇಳಿ ಕೇಳಿ ಕಲಿತದ್ದು, ಆಮೇಲೆ ಹತ್ತಾರು ಸಣ್ಣಪುಟ್ಟ ಕಛೇರಿಗೆ ಹೋಗಿ ಬಂದು ಕಲಿತದ್ದು ಎಲ್ಲಾ ಸೇರಿಸಿ ಇಲ್ಲಿ ಬರೆದಿದ್ದೀನಿ.

ಎಲ್ಲಿ ಪೆಟ್ಟಾಗುತ್ತೆ, ಮೊದಲು ತಿಳ್ಕೊಳ್ಳಿ

ಮಗುವನ್ನ ಎತ್ತಿಕೊಳ್ಳುವಾಗ ಕುತ್ತಿಗೆಗೆ ಕೈಕೊಡ್ತೀವಲ್ಲ, ಹಾಗೇ ವೀಣೆಗೂ ನಾಜೂಕಿನ ಜಾಗಗಳಿವೆ.

ಒಂದನೇದು ಬುರುಡೆ. ದಂಡಿಯ ಕೆಳಗೆ ಎಡಗಡೆ ಇರೋ ಸಣ್ಣ ಬುರುಡೆ ಮೊದಲೆಲ್ಲ ಸೋರೆಕಾಯಿದೇ ಇರ್ತಿತ್ತು, ಈಗ ಫೈಬರಿನದ್ದೂ ಬರುತ್ತೆ. ಯಾವುದಾದ್ರೂ ಸರಿ, ಮೊದಲ ಪೆಟ್ಟು ತಿನ್ನೋದು ಅದೇ. ಸಾಮಾನ್ಯವಾಗಿ ಇದನ್ನ ತಿರುಪು ಬಿಚ್ಚಿ ತೆಗೀಬಹುದು. ಎಷ್ಟೋ ಜನಕ್ಕೆ ಇದೇ ಗೊತ್ತಿರಲ್ಲ!

ಎರಡನೇದು ಕೊಡ ಮತ್ತು ದಂಡಿ ಸೇರೋ ಜಾಗ. ಒಂದೇ ಮರದ ತುಂಡಿನಲ್ಲಿ ಕೊರೆದ ಏಕಾಂಡ ವೀಣೆಯಾದ್ರೆ ಇಲ್ಲಿ ಸೇರಿಕೆ ಇರಲ್ಲ. ಆದರೆ ನಮ್ಮ ನಿಮ್ಮ ಮನೆಯ ವೀಣೆಗಳು ಹೆಚ್ಚಾಗಿ ಕೂಡಿಸಿದವು. ದಂಡಿ ಒಂದನ್ನೇ ಹಿಡಿದು ಎತ್ತಿದ್ರೆ ಕೊಡದ ಭಾರವೆಲ್ಲ ಈ ಸೇರಿಕೆ ಮೇಲೆ ಬೀಳುತ್ತೆ. ಬಲಗೈ ಕೊಡದ ಅಡಿಗೆ, ಎಡಗೈ ದಂಡಿಗೆ ಕೊಟ್ಟು ಎತ್ತೋ ಅಭ್ಯಾಸ ಮಾಡ್ಕೊಳ್ಳಿ. ಸಹಾಯಕ್ಕೆ ಬಂದವರಿಗೂ ಮೊದಲು ಇದನ್ನೇ ಹೇಳಿಕೊಡಿ.

ಮೂರನೇದು ಮೇಣ. ವೀಣೆಯ 24 ಮೆಟ್ಟಿಲುಗಳು ಕೂತಿರೋದು ಮೇಣದ ಮೇಲೆ. ಜೇನುಮೇಣ ಪೂರ್ತಿ ಕರಗೋಕೆ 62ರಿಂದ 64 ಡಿಗ್ರಿ ಸೆಲ್ಸಿಯಸ್ ಬೇಕು, ಆದರೆ ಮೆತ್ತಗಾಗೋಕೆ ಅಷ್ಟೆಲ್ಲ ಬೇಡ. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಸಾಕಾದಷ್ಟು ಬಿಸಿ ಇರುತ್ತೆ. ಮೇಣ ಮೆತ್ತಗಾಗಿ ಮೆಟ್ಟಿಲು ಕೂದಲೆಳೆಯಷ್ಟು ಸರಿದ್ರೂ ಸ್ವರಸ್ಥಾನ ಕೆಟ್ಟಿತು. ಆಮೇಲೆ ನೀವು ಎಷ್ಟೇ ಶ್ರುತಿ ಮಾಡಿ, ಗಾಂಧಾರ ಗಾಂಧಾರವಾಗಿರಲ್ಲ.

ನಾಲ್ಕನೇದು ಕುದುರೆ. ತಂತಿಗಳು ಹಾದುಹೋಗೋ ಈ ಮುಖ್ಯ ಸೇತುವೆ ನಿಂತಿರೋದು ತಂತಿಯ ಒತ್ತಡದಿಂದ. ಅದಕ್ಕೇ ಪ್ರಯಾಣಕ್ಕೆ ಮುಂಚೆ ತಂತಿಗಳನ್ನ ಪೂರ್ತಿ ಸಡಿಲ ಬಿಡಬಾರದು. ಬಿಟ್ರೆ ಕುದುರೆ ಜಾಗ ಬಿಟ್ಟು ಓಡುತ್ತೆ, ಹೆಸರಿಗೆ ತಕ್ಕ ಹಾಗೆ!

ಇನ್ನು ಯಾಳಿ ಮುಖ, ಬಿರಡೆಗಳು. ಪೆಟ್ಟಿಗೆಯೊಳಗೆ ಎಲ್ಲಕ್ಕಿಂತ ಆಚೆ ಚಾಚಿರೋವು ಇವೇ ಆದ್ದರಿಂದ ಇವಕ್ಕೆ ಪೆಟ್ಟಿಗೆಯ ಗೋಡೆ ತಾಗದ ಹಾಗೆ ನೋಡ್ಕೋಬೇಕು.

ಸೀರೆಗಿಂತ ಮೊದಲು ಪೆಟ್ಟಿಗೆ

ಬಟ್ಟೆ ಕವರ್ ಧೂಳಿಗೆ ಮಾತ್ರ. ಸ್ಪಂಜ್ ಹಾಕಿದ ರೆಕ್ಸಿನ್ ಚೀಲ ಸ್ವಂತ ಕಾರಿಗೆ, ಅದೇ ಊರಿನ ಓಡಾಟಕ್ಕೆ ಸಾಕು. ಬಸ್ಸು, ರೈಲು, ವಿಮಾನಕ್ಕೆ ಗಟ್ಟಿ ಫೈಬರ್ ಪೆಟ್ಟಿಗೆಯೇ ಬೇಕು. ದುಬಾರಿ ಅನ್ನಿಸಬಹುದು. ಆದರೆ ಮುಂದಿನ ಹಬ್ಬಕ್ಕೆ ಒಂದು ರೇಷ್ಮೆ ಸೀರೆ ಬದಲು ಇದನ್ನೇ ಕೇಳಿ ನೋಡಿ. ನಾನು ಹಾಗೇ ಮಾಡಿದ್ದು!

ಪೆಟ್ಟಿಗೆ ಕೊಳ್ಳುವಾಗ ವೀಣೆಯನ್ನ ಜೊತೆಗೇ ಒಯ್ಯಿರಿ. ಅಂದಾಜಿನ ಅಳತೆ ಬೇಡ, ಯಾಕೆಂದ್ರೆ ಎರಡು ವೀಣೆ ಒಂದೇ ಅಳತೆ ಇರೋದು ಅಪರೂಪ. ಮೈಸೂರಿನ ಕುಶಲಕರ್ಮಿಗಳ ಹತ್ತಿರವೋ, ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲೋ ವೀಣೆ ಮಾಡಿಸೋರು ಪೆಟ್ಟಿಗೆಯ ಮಾತನ್ನೂ ಆಗಲೇ ಆಡಿಬಿಡಿ. ವೀಣೆ ಇಟ್ಟು, ಮುಚ್ಚಿ, ಪೆಟ್ಟಿಗೆಯನ್ನ ನಿಧಾನಕ್ಕೆ ಅಲುಗಿಸಿ. ಒಳಗೆ ಏನಾದ್ರೂ ಕುಲುಕಿದ್ರೆ ಅದು ನಿಮ್ಮ ಪೆಟ್ಟಿಗೆ ಅಲ್ಲ.

ಹಿಂದಿನ ರಾತ್ರಿಯ ತಯಾರಿ

ಬೆಳಿಗ್ಗೆ ಮಕ್ಕಳ ಡಬ್ಬಿ, ತಿಂಡಿ, ಯಜಮಾನರ ಆಫೀಸು ಅಂತ ಗಡಿಬಿಡಿಯಲ್ಲಿ ಪ್ಯಾಕ್ ಮಾಡಿದ್ರೆ ಏನಾದ್ರೂ ಎಡವಟ್ಟಾಗೋದು ಗ್ಯಾರಂಟಿ. ರಾತ್ರಿ ಅಡುಗೆಮನೆ ಒರೆಸಿದ ಮೇಲೆ ಅರ್ಧ ಗಂಟೆ ವೀಣೆಗೆ ಕೊಡಿ.

* ಏಳೂ ತಂತಿಗಳನ್ನ ಒಂದೊಂದು ಸ್ವರದಷ್ಟು ಮಾತ್ರ ಇಳಿಸಿ. ನಾಲ್ಕು ಮುಖ್ಯ ತಂತಿ ಇಳಿಸಿ ಮೂರು ತಾಳದ ತಂತಿ ಮರೀಬೇಡಿ.

* ಮೆಟ್ಟಿಲು ಮತ್ತು ತಂತಿಯ ನಡುವೆ ಮೆತ್ತನೆ ಹತ್ತಿ ಬಟ್ಟೆಯನ್ನ ಮಡಿಸಿ ಉದ್ದಕ್ಕೂ ತೂರಿಸಿ. ಹಳೇ ಪಂಚೆ ಬಹಳ ಒಳ್ಳೇದು. ತಂತಿ ಮೆಟ್ಟಿಲಿಗೆ ಬಡಿಯೋದು ತಪ್ಪುತ್ತೆ.

* ಬುರುಡೆ ಬಿಚ್ಚಿ, ಶಾಲಲ್ಲಿ ಸುತ್ತಿ, ಬೇರೆ ಚೀಲಕ್ಕೆ ಹಾಕಿ. ಆ ಚೀಲ ನಿಮ್ಮ ಕೈಲೇ ಇರಲಿ. ಬಿಚ್ಚಿದ ತಿರುಪನ್ನ ಪರ್ಸಿನ ಜಿಪ್ ಇರೋ ಖಾನೆಗೆ ಹಾಕಿ. ತಿರುಪು ಮನೇಲಿ ಮರೆತು ಬುರುಡೆ ಹಿಡ್ಕೊಂಡು ಕೂತವರ ಕಥೆ ಬೇಕಾದಷ್ಟಿದೆ.

* ಪೆಟ್ಟಿಗೆಯಲ್ಲಿ ಉಳಿದ ಸಂದುಗಳಿಗೆ ಹಳೇ ಕಾಟನ್ ಸೀರೆ, ಟವಲ್ ತುಂಬಿ. ದಂಡಿಯ ಕೆಳಗೆ ಟೊಳ್ಳು ಬಿಡಬೇಡಿ, ಅಲ್ಲಿ ಟವಲ್ ಸುರುಳಿ ಇಡಿ. ನ್ಯೂಸ್‌ಪೇಪರ್ ಉಂಡೆ ಬೇಡ, ದಾರೀಲಿ ಚಪ್ಪಟೆಯಾಗಿ ಜಾಗ ಬಿಡುತ್ತೆ.

* ಸ್ಟೀಲ್ ಡಬ್ಬಿ, ಎಣ್ಣೆ ಶೀಶೆ, ಕಟಿಂಗ್ ಪ್ಲೇಯರ್ ಯಾವುದನ್ನೂ ವೀಣೆ ಜೊತೆ ಅದೇ ಪೆಟ್ಟಿಗೆಗೆ ಹಾಕಬೇಡಿ. ಒಳಗೆ ಜಾಗ ಇದೆಯಲ್ಲ ಅನ್ನೋ ಆಸೆ ನಮಗೆ ಜಾಸ್ತಿ!

* ನಿಮ್ಮ ಹೆಸರು, ಫೋನ್ ನಂಬರ್ ಬರೆದ ಚೀಟಿ ಪೆಟ್ಟಿಗೆಯ ಹೊರಗೊಂದು, ಒಳಗೊಂದು ಇರಲಿ. ಮೊಬೈಲಲ್ಲಿ ನಾಲ್ಕೂ ಕಡೆಯಿಂದ ವೀಣೆಯ ಫೋಟೊ ತೆಗೆದಿಡಿ.

ತಂತಿ ಬದಲಿಸೋದಿದ್ರೆ ಮೂರ್ನಾಲ್ಕು ದಿನ ಮುಂಚೆಯೇ ಬದಲಿಸಿ. ಹೊಸ ತಂತಿ ಎಳೆದಷ್ಟೂ ಇಳಿಯುತ್ತೆ. ಕಛೇರಿ ದಿನವೇ ಹಾಕಿದ್ರೆ ವರ್ಣ ಮುಗಿಯೋ ಹೊತ್ತಿಗೆ ಶ್ರುತಿ ಎಲ್ಲೋ ಹೋಗಿರುತ್ತೆ.

ಆಟೋನಾ, ಕಾರಾ?

ಆಟೋದಲ್ಲಿ ಅಡ್ಡಡ್ಡ ಇಟ್ರೆ ಪೆಟ್ಟಿಗೆ ಒಂದು ಕಡೆ ಹೊರಗೆ ಚಾಚುತ್ತೆ. ಪಕ್ಕದಲ್ಲಿ ನುಗ್ಗಿ ಬರೋ ಬೈಕಿಗೆ ಅದು ಕಾಣಲ್ಲ. ಅನಿವಾರ್ಯವಾದ್ರೆ ಓರೆಯಾಗಿ ನಿಲ್ಲಿಸಿ, ಕೊಡದ ಭಾಗ ಕೆಳಗಿದ್ದು ನಿಮ್ಮ ಪಾದಗಳ ನಡುವೆ ಮಡಿಸಿದ ಹಾಸಿನ ಮೇಲೆ ಕೂರಲಿ. ಡ್ರೈವರಿಗೆ ಮೊದಲೇ "ಹಂಪಲ್ಲಿ ನಿಧಾನ ಅಣ್ಣಾ" ಅನ್ನಿ. ಒಳಗಿರೋದು ವೀಣೆ ಅಂತ ಗೊತ್ತಾದ್ರೆ ಹೆಚ್ಚಿನವರು ತಾವಾಗೇ ನಿಧಾನ ಹೋಗ್ತಾರೆ. ಸರಸ್ವತಿ ಅಲ್ವಾ!

ಕಾರಾದ್ರೆ ಡಿಕ್ಕಿಯ ಆಸೆ ಬಿಡಿ, ಸಣ್ಣ ಕಾರಿನ ಡಿಕ್ಕಿಗೆ ಹಿಡಿಯಲ್ಲ. ಡ್ರೈವರ್ ಪಕ್ಕದ ಸೀಟನ್ನ ಪೂರ್ತಿ ಹಿಂದಕ್ಕೆ ಒರಗಿಸಿ. ಕೊಡದ ಭಾಗ ಹಿಂದಿನ ಸೀಟಲ್ಲಿ, ಯಾಳಿ ತುದಿ ಮುಂದಕ್ಕೆ ಬರೋ ಹಾಗೆ ಉದ್ದುದ್ದ ಮಲಗಿಸಿ. ಗೇರಿಗೂ ಪಕ್ಕದ ಕನ್ನಡಿಗೂ ಅಡ್ಡ ಬರಬಾರದು. ನೀವು ಹಿಂದೆ ಅದರ ಪಕ್ಕದಲ್ಲಿ ಕೂತು ಒಂದು ಕೈ ಪೆಟ್ಟಿಗೆ ಮೇಲಿಟ್ಟಿರಿ. ಕ್ಯಾಬ್ ಕರೆಯುವಾಗ ಸ್ವಲ್ಪ ದೊಡ್ಡ ಗಾಡಿಯನ್ನೇ ಕರೀರಿ, ಫೋನಲ್ಲಿ ಮೊದಲೇ ತಿಳಿಸಿ. ದಾರಿಯಲ್ಲಿ ಕಾಫಿಗೆ ಇಳಿದ್ರೆ ಗಾಡಿ ನೆರಳಲ್ಲೇ ನಿಲ್ಲಿಸಿ. ಮೇಣದ ವಿಷಯ ನೆನಪಿದೆಯಲ್ಲ?

ಮೆಟ್ರೊದಲ್ಲಿ ದೊಡ್ಡ ಲಗೇಜಿಗೆ ಮಿತಿ ಇದೆ. ಪೆಟ್ಟಿಗೆ ಹೊತ್ಕೊಂಡು ಹೋಗಿ ಗೇಟಲ್ಲಿ ವಾಪಸ್ ಬರೋದಕ್ಕಿಂತ ಹಿಂದಿನ ದಿನವೇ ನಿಲ್ದಾಣದಲ್ಲಿ ಕೇಳಿಬಿಡಿ.

ಬಸ್ಸು, ರೈಲು

ಬಸ್ಸಿನ ಡಿಕ್ಕಿಗೆ ವೀಣೆಯನ್ನ ಹಾಕಲೇಬೇಡಿ. ನನ್ನ ಬುರುಡೆ ಸಾಕ್ಷಿ! ಬಸ್ ಹೊರಡೋ ಅರ್ಧ ಗಂಟೆ ಮೊದಲೇ ಹೋಗಿ ಕಂಡಕ್ಟರ್ ಹತ್ತಿರ ಮಾತಾಡಿ. ಸ್ಲೀಪರ್ ಬಸ್ಸಾದ್ರೆ ನಿಮ್ಮ ಬರ್ತಿನಲ್ಲೇ ಗೋಡೆ ಕಡೆಗೆ ಮಲಗಿಸಿ, ನೀವು ಈಚೆಗೆ ಮಲಗಿ. ಲಗೇಜ್ ಟಿಕೆಟ್ ಕೇಳಿದ್ರೆ ವಾದ ಮಾಡದೆ ತಗೊಳ್ಳಿ. 2023ರ ಜೂನಿನಲ್ಲಿ ಶುರುವಾದ ಶಕ್ತಿ ಯೋಜನೆಯ ಬಸ್ಸಲ್ಲಿ ನಿಮಗೆ ಶೂನ್ಯ ಟಿಕೆಟ್, ಆದರೆ ಸರಸ್ವತಿಗೆ ಆ ರಿಯಾಯಿತಿ ಸಿಗದೇ ಇರಬಹುದು!

ದೂರಕ್ಕೆ ನನ್ನ ಓಟು ರೈಲಿಗೆ. ಕುಲುಕಾಟ ಕಡಿಮೆ. ತೂಕದ್ದೇನೂ ಚಿಂತೆ ಇಲ್ಲ, ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ತಲೆಗೆ 40 ಕೆಜಿ, ಸೆಕೆಂಡ್ ಎಸಿಯಲ್ಲಿ 50 ಕೆಜಿ ಲಗೇಜಿಗೆ ದುಡ್ಡಿಲ್ಲ. ತೊಡಕಿರೋದು ಅಳತೆಯಲ್ಲಿ. ಬೋಗಿಯೊಳಗೆ ಒಯ್ಯೋ ಟ್ರಂಕು, ಸೂಟ್‌ಕೇಸಿಗೆ ರೈಲ್ವೆ ಹೇಳೋ ಅಳತೆ 100 ಸೆಂ.ಮೀ. ಉದ್ದ, 60 ಅಗಲ, 25 ಎತ್ತರ. ಥರ್ಡ್ ಎಸಿಯಲ್ಲಿ ಇನ್ನೂ ಕಮ್ಮಿ. ವೀಣೆ ಪೆಟ್ಟಿಗೆ ಇದನ್ನ ಮೀರುತ್ತೆ. ಹಾಗಾಗಿ ಟಿಕೆಟ್ ಪರೀಕ್ಷಕರು ಬಂದಾಗ ಮೊದಲು ನೀವೇ ವಿನಯದಿಂದ ಹೇಳಿ. ವಾದ್ಯ, ಕಛೇರಿಗೆ ಹೋಗ್ತಿದ್ದೀನಿ ಅಂತ ಆಹ್ವಾನ ಪತ್ರಿಕೆಯನ್ನೂ ತೋರಿಸಿ. ಓಡಾಡೋ ದಾರಿಗೆ ಅಡ್ಡ ಇಲ್ಲದಿದ್ರೆ ಸಾಮಾನ್ಯವಾಗಿ ಯಾರೂ ತಕರಾರು ಮಾಡಲ್ಲ.

ದೊಡ್ಡ ಕೊಡದ ಪೆಟ್ಟಿಗೆ ಕೆಳಗಿನ ಬರ್ತಿನ ಅಡಿ ನುಸುಳೋದು ಕಷ್ಟ. ಅದಕ್ಕೇ ಟಿಕೆಟ್ ಮಾಡಿಸುವಾಗ ಮೇಲಿನ ಬರ್ತ್ ಕೇಳಿ. ಹಗಲಲ್ಲಿ ವೀಣೆ ಮೇಲೆ ನಿಶ್ಚಿಂತೆಯಿಂದ ಮಲಗಿರುತ್ತೆ, ಯಾರೂ ಅದರ ಮೇಲೆ ಬ್ಯಾಗ್ ಎಸೆಯಲ್ಲ. ರಾತ್ರಿ ನೀವಿಬ್ಬರೂ ಸ್ವಲ್ಪ ಹೊಂದ್ಕೋಬೇಕಷ್ಟೆ. ಇಬ್ಬರು ಹೋಗೋದಾದ್ರೆ ಒಬ್ಬರಿಗೆ ಕೆಳಗೆ, ಒಬ್ಬರಿಗೆ ಮೇಲೆ ಮಾಡಿಸಿ. ಲಗೇಜ್ ವ್ಯಾನಿಗೆ ಮಾತ್ರ ಬೇಡ.

ಇಷ್ಟೆಲ್ಲ ಕಷ್ಟಾನಾ ಅನ್ನಿಸ್ತಾ? ವೀಣೆ ಶೇಷಣ್ಣನವರು (1852–1926) 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ನುಡಿಸಿದ್ದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಮೈಸೂರೆಲ್ಲಿ, ಬೆಳಗಾವಿಯೆಲ್ಲಿ! ಫೈಬರ್ ಪೆಟ್ಟಿಗೆಯೂ ಇಲ್ಲದ ಕಾಲದಲ್ಲಿ ವೀಣೆ ಅಷ್ಟು ದೂರ ಹೋಗಿ ಬಂತು ಅಂದ್ರೆ ನಮ್ಮ ವೀಣೆ ಜಯನಗರದಿಂದ ಮಲ್ಲೇಶ್ವರಕ್ಕೆ ಹೋಗಲಾರದಾ?

ವಿಮಾನ ಹತ್ತೋದಾದ್ರೆ

ಮಗಳ ಬಾಣಂತನಕ್ಕೋ, ಕನ್ನಡ ಕೂಟದ ಕಾರ್ಯಕ್ರಮಕ್ಕೋ ಹೋಗುವವರು ವೀಣೆಯನ್ನೂ ಒಯ್ಯೋದುಂಟು. ನಮ್ಮ ದೇಶದೊಳಗಿನ ವಿಮಾನದಲ್ಲಿ ಎಕಾನಮಿಯವರು ಸಾಮಾನ್ಯವಾಗಿ ಕೈಲಿ ಒಯ್ಯಬಹುದಾದ್ದು 7 ಕೆಜಿಯ ಒಂದು ಬ್ಯಾಗು. ಅದರ ಉದ್ದ, ಅಗಲ, ಎತ್ತರ ಮೂರೂ ಕೂಡಿಸಿದ್ರೂ 115 ಸೆಂ.ಮೀ. ದಾಟಬಾರದು. ವೀಣೆಯ ಉದ್ದವೇ 120 ಸೆಂ.ಮೀ. ಮೇಲೆ! ಹಾಗಾಗಿ ಕೈಲಿ ಒಯ್ತೀನಿ ಅನ್ನೋ ಮಾತೇ ಇಲ್ಲ. ಉಳಿದಿರೋದು ಎರಡೇ ದಾರಿ.

ಒಂದು, ವೀಣೆಗೇ ಒಂದು ಸೀಟು ಕೊಳ್ಳೋದು. ಕೆಲವು ವಿಮಾನ ಸಂಸ್ಥೆಗಳು ವಾದ್ಯಕ್ಕೆ ಸೀಟು ಕೊಡ್ತವೆ. ಟಿಕೆಟ್ ಮಾಡಿಸೋ ಮೊದಲೇ ಫೋನ್ ಮಾಡಿ ಅಳತೆ ಹೇಳಿ, ಒಪ್ಪಿಗೆಯನ್ನ ಬರವಣಿಗೆಯಲ್ಲೇ ತರಿಸಿಕೊಳ್ಳಿ.

ಇನ್ನೊಂದು, ಗಟ್ಟಿ ಪೆಟ್ಟಿಗೆಯಲ್ಲಿ ಹಾಕಿ ಚೆಕ್-ಇನ್ ಮಾಡೋದು. ವೀಣೆ, ಪೆಟ್ಟಿಗೆ ಸೇರಿದ್ರೆ ತೂಕ 15 ಕೆಜಿ ದಾಟಬಹುದು. ಮನೇಲೇ ನೋಡ್ಕೊಳ್ಳಿ. ತೂಕದ ಯಂತ್ರದ ಮೇಲೆ ಮೊದಲು ನೀವೊಬ್ಬರೇ ನಿಂತು, ಆಮೇಲೆ ಪೆಟ್ಟಿಗೆ ಹಿಡಿದು ನಿಂತು ಕಳೆದ್ರೆ ಲೆಕ್ಕ ಸಿಕ್ಕಿತು. (ಮೊದಲನೇ ಲೆಕ್ಕ ಯಾರಿಗೂ ಹೇಳಬೇಕಾಗಿಲ್ಲ!) ದೊಡ್ಡ ಅಳತೆಯ ಲಗೇಜಿಗೆ ಬೇರೆ ಕೌಂಟರ್ ಇರುತ್ತೆ, ಹೆಚ್ಚಿನ ಶುಲ್ಕವೂ ಇರಬಹುದು. ಒಂದು ಗಂಟೆ ಮುಂಚೆಯೇ ಹೋಗಿ. 'ನಾಜೂಕು ವಸ್ತು' ಅನ್ನೋ ಸ್ಟಿಕರ್ ಹಾಕಿಸಿ, ಆದರೆ ಸ್ಟಿಕರನ್ನೇ ನಂಬಿ ಒಳಗಿನ ಪ್ಯಾಕಿಂಗ್ ಸಡಿಲ ಬಿಡಬೇಡಿ. ಸ್ಟಿಕರ್ ಓದೋಕೆ ಎಲ್ಲರಿಗೂ ಟೈಮಿರಲ್ಲ.

ಇಳಿದ ಕೂಡಲೇ ಅಲ್ಲೇ ಪೆಟ್ಟಿಗೆ ತೆಗೆದು ನೋಡಿ. ಏನಾದ್ರೂ ಆಗಿದ್ರೆ ನಿಲ್ದಾಣ ಬಿಡೋ ಮೊದಲೇ ದೂರು ಬರೆಸಿ ಪ್ರತಿ ತಗೊಳ್ಳಿ. ಹಿಂದಿನ ರಾತ್ರಿ ತೆಗೆದ ಫೋಟೊ ಆಗ ಕೆಲಸಕ್ಕೆ ಬರುತ್ತೆ.

ಪವರ್ ಬ್ಯಾಂಕನ್ನ ಚೆಕ್-ಇನ್ ಪೆಟ್ಟಿಗೆಗೆ ಹಾಕಂಗಿಲ್ಲ, ಕೈಚೀಲದಲ್ಲೇ ಇರಲಿ. ಕಟಿಂಗ್ ಪ್ಲೇಯರ್ ಇದಕ್ಕೆ ಉಲ್ಟಾ, ಅದು ಬಟ್ಟೆಯ ಸೂಟ್‌ಕೇಸಲ್ಲಿ ಚೆಕ್-ಇನ್‌ಗೆ ಹೋಗಬೇಕು. ಬೆರಳಿಗೆ ಸವರೋ ಕೊಬ್ಬರಿ ಎಣ್ಣೆಯನ್ನ ಒಯ್ಯೋದೇ ಬೇಡ, ಇಳಿದ ಊರಲ್ಲಿ ಕೊಳ್ಳಿ.

ವಿದೇಶಕ್ಕಾದ್ರೆ ಇನ್ನೆರಡು ವಿಷಯ. ಮೈಸೂರಿನ ಎಷ್ಟೋ ಹಳೇ ವೀಣೆಗಳು ಬೀಟೆ ಮರದವು. ಬೀಟೆಯ ಜಾತಿಯ ಮರಗಳೆಲ್ಲ 2017ರ ಜನವರಿಯಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಒಪ್ಪಂದದ ಹತೋಟಿಗೆ ಬಂದವು. ಇದರಿಂದ ಸಂಗೀತಗಾರರಿಗೆ ತೊಂದರೆಯಾಗಿ, 2019ರ ನವೆಂಬರಿನಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಆದ್ರೂ ವೀಣೆ ಕೊಂಡ ರಸೀದಿ ಜೊತೆಗಿರಲಿ. ಆದರೆ ಅಜ್ಜಿ ಕಾಲದ ವೀಣೆಯಲ್ಲಿ ದಂತದ ಕೆತ್ತನೆ, ಜಿಂಕೆ ಕೊಂಬಿನ ತುಂಡು ಇದ್ದರೆ ಅದನ್ನ ಗಡಿ ದಾಟಿಸೋ ಸಾಹಸ ಮಾಡಬೇಡಿ. ವೀಣೆಯೇ ಕೈತಪ್ಪಿ ಹೋದೀತು. ಎರಡನೇದು, ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರ ಹತ್ತಿರ 'ಇದು ಇಲ್ಲಿಂದಲೇ ಒಯ್ಯುತ್ತಿರುವ ವಸ್ತು' ಅನ್ನೋ ಪ್ರಮಾಣಪತ್ರ ಮಾಡಿಸಿಕೊಳ್ಳಿ. ವಾಪಸ್ ಬರುವಾಗ ಸುಂಕದ ಪ್ರಶ್ನೆ ಏಳಲ್ಲ.

'ಆಯ್ತು ಬರ್ತೀನಿ' ಅನ್ನೋ ಮೊದಲು

ಇದು ನಾವು ಗೃಹಿಣಿಯರು ಸೋಲೋ ಜಾಗ. ಯಾರೋ ಪ್ರೀತಿಯಿಂದ ಕರೀತಾರೆ, ನಮಗೆ ಖುಷಿಯಾಗುತ್ತೆ, "ಅಯ್ಯೋ, ಅದಕ್ಕೇನಂತೆ" ಅಂದುಬಿಡ್ತೀವಿ. ಒಮ್ಮೆ ಒಂದು ಬಡಾವಣೆಯ ಉತ್ಸವದಲ್ಲಿ ಸಂಜೆ ಆರಕ್ಕೆ ಕಾರ್ಯಕ್ರಮ ಅಂತ ಕರೆದರು. ಐದೂವರೆಗೇ ಹೋದೆ. ಬಹುಮಾನ ವಿತರಣೆ, ಭಾಷಣ, ಸನ್ಮಾನ ಎಲ್ಲಾ ಮುಗಿದು ನಾನು ವೇದಿಕೆ ಹತ್ತಿದಾಗ ಎಂಟೂವರೆ. ಅಷ್ಟು ಹೊತ್ತೂ ವೀಣೆ ದೊಡ್ಡ ಸ್ಪೀಕರಿನ ಪಕ್ಕ, ಫೋಕಸ್ ಲೈಟಿನ ಕೆಳಗೆ! ನುಡಿಸಿದ್ದು ಇಪ್ಪತ್ತು ನಿಮಿಷ. ಕೊಟ್ಟದ್ದು ಫಲತಾಂಬೂಲ, ಒಂದು ನೆನಪಿನ ಕಾಣಿಕೆ. ಗಾಡಿಗೆ ಕೊಟ್ಟ 1,400 ರೂಪಾಯಿ ಹೋದದ್ದು ಮನೆ ಖರ್ಚಿನ ದುಡ್ಡಿಂದ.

ಯಾರೂ ಏನೂ ಅನ್ನಲಿಲ್ಲ. ಆದರೆ ಆ ತಿಂಗಳು ನನಗೇ ಒಂಥರಾ ಮುಜುಗರ. ಹೀಗೆ ಎರಡು ಸಲ ಆದ್ರೆ ಮೂರನೇ ಸಲ ಕರೆದಾಗ ನಾವೇ "ಆಗಲ್ಲ" ಅಂತೀವಿ. ವೀಣೆ ಮತ್ತೆ ಅಟ್ಟ ಸೇರೋದು ಹೀಗೇ.

ಅದಕ್ಕೇ ಈಗ ಒಪ್ಪಿಕೊಳ್ಳೋ ಮೊದಲು ಐದು ಪ್ರಶ್ನೆ ಕೇಳ್ತೀನಿ. ನಾನು ವೇದಿಕೆ ಹತ್ತೋದು ಎಷ್ಟು ಗಂಟೆಗೆ, ಎಷ್ಟು ಹೊತ್ತು? ಹೋಗಿಬರೋ ಗಾಡಿ ನಿಮ್ಮದಾ, ನಮ್ಮದಾ? ಮೈಕಿನವರು ಯಾರು, ಅವರ ಫೋನ್ ನಂಬರ್ ಏನು? ವೀಣೆ ಇಡೋಕೆ ಬೀಗ ಹಾಕೋ ರೂಮ್ ಇದೆಯಾ? ಮೆಟ್ಟಿಲು ಎಷ್ಟು, ಎತ್ತಿಕೊಡೋಕೆ ಯಾರಾದ್ರೂ ಇರ್ತಾರಾ?

ದುಡ್ಡಿನ ಮಾತು ಬಾಯಿಗೆ ಬರದಿದ್ರೆ ಹೀಗೆ ಹೇಳಿ ನೋಡಿ: "ನನ್ನದೇನೂ ಇಲ್ಲ, ವೀಣೆ ಓಡಾಟದ್ದು ನೋಡ್ಕೊಂಡ್ಬಿಡಿ." ಕೇಳೋಕೂ ಸುಲಭ, ಕೊಡೋರಿಗೂ ಇಲ್ಲ ಅನ್ನೋಕಾಗಲ್ಲ. ಒಂದೆರಡು ವರ್ಷ ಕಳೆದು ಧೈರ್ಯ ಬಂದ ಮೇಲೆ ನಿಮ್ಮದನ್ನೂ ಕೇಳಿ. ಕಲಿತದ್ದು ಪುಕ್ಕಟೆ ಏನಲ್ಲವಲ್ಲ!

ವೇದಿಕೆ ಹತ್ತುವಾಗ

ಕಡಿಮೆ ಅಂದ್ರೂ ಮುಕ್ಕಾಲು ಗಂಟೆ ಮೊದಲು ತಲುಪಿ. ಪೆಟ್ಟಿಗೆಯನ್ನ ತಕ್ಷಣ ತೆರೀಬೇಡಿ. ಬೆಂಗಳೂರಿನ ತಂಪಿಂದ ಮಂಗಳೂರಿನ ಸೆಕೆಗೋ, ಬಿಸಿಲಿಂದ ಎಸಿ ಹಾಲಿಗೋ ಬಂದ ವೀಣೆ ಅಲ್ಲಿನ ಹವೆಗೆ ಹೊಂದ್ಕೋಬೇಕು. ತೇವ ಇದ್ದ ಕಡೆ ಬಿರಡೆ ಉಬ್ಬಿ ಬಿಗಿಯಾಗುತ್ತೆ, ಒಣ ಹವೆಯಲ್ಲಿ ಜಾರುತ್ತೆ. ಜಾರಿದ್ರೆ ಬಿರಡೆಗೆ ಸ್ವಲ್ಪ ಸೀಮೆಸುಣ್ಣ ಸವರಿ.

ಇಳಿಸಿದ ತಂತಿಗಳನ್ನ ಒಂದೇ ಏಟಿಗೆ ಏರಿಸಬೇಡಿ. ಏಳನ್ನೂ ಸ್ವಲ್ಪ ಸ್ವಲ್ಪವಾಗಿ ಏರಿಸಿ, ಎರಡು ಸುತ್ತು ಬನ್ನಿ. ಫ್ಯಾನು, ಎಸಿ ಗಾಳಿ ನೇರ ತಂತಿಗೆ ಬಡಿಯದ ಹಾಗೆ ಕೂತ್ಕೊಳ್ಳಿ. ಫೋಕಸ್ ಲೈಟನ್ನ ಸ್ವಲ್ಪ ಓರೆ ಮಾಡಿಸಿ.

ಮೈಕಿನವರಿಗೆ ವೀಣೆ ಹೊಸದು ಅಂತಲೇ ತಿಳ್ಕೊಳ್ಳಿ. ವೀಣೆ ಮೇಲೆ ಅಂಟಿಸೋ ಕಾಂಟ್ಯಾಕ್ಟ್ ಮೈಕ್ ನಿಮ್ಮದೇ ಒಂದಿದ್ರೆ ಅರ್ಧ ತಲೆನೋವು ಕಡಿಮೆ. ಅದನ್ನ ಕೊಡದ ಹಲಗೆ ಮೇಲೆ ಅಲ್ಲಲ್ಲಿ ಇಟ್ಟು, ನಾದ ಚೆನ್ನಾಗಿ ಬರೋ ಜಾಗವನ್ನ ಮನೇಲೇ ಗುರುತು ಮಾಡಿಟ್ಟುಕೊಳ್ಳಿ. ಹಳೇ ಪಾಲಿಶ್ ಮೇಲೆ ಗಟ್ಟಿ ಟೇಪ್ ಅಂಟಿಸಬೇಡಿ, ಕೀಳುವಾಗ ಪಾಲಿಶ್ಶೂ ಎದ್ದು ಬರುತ್ತೆ. ಸಾಧಾರಣ ಸ್ಟ್ಯಾಂಡ್ ಮೈಕೇ ಆದ್ರೆ ಕೊಡದ ಕಡೆ ತಗ್ಗಿಸಿ ಇಡಿಸಿ.

ಇನ್ನು ನಮ್ಮ ಅಲಂಕಾರ! ಎಡಗೈಗೆ ಗಾಜಿನ ಬಳೆ ರಾಶಿ ಹಾಕ್ಕೊಂಡ್ರೆ ಗಮಕಕ್ಕಿಂತ ಬಳೆ ಸದ್ದೇ ಮೈಕಿಗೆ ಹೋಗುತ್ತೆ. ಒಂದೊಂದು ಬಳೆ ಸಾಕು. ಸೆರಗಿಗೆ ಪಿನ್ ಹಾಕಿ, ಆದರೆ ಪಿನ್ನು ಬ್ರೋಚು ಯಾವುದೂ ದಂಡಿಗೆ ತಾಗದ ಕಡೆ ಇರಲಿ. ಉದ್ದನೆ ಸರವನ್ನ ಪರ್ಸಲ್ಲಿಡಿ.

ವೀಣೆ ಕೈಚೀಲ: ಸದಾ ತಯಾರಿರಲಿ

* ಒಂದು ಸೆಟ್ ಹೆಚ್ಚುವರಿ ತಂತಿ, ಸಾರಣಿಗೆ ಎರಡು
* ಸಣ್ಣ ಕಟಿಂಗ್ ಪ್ಲೇಯರ್, ಸೀಮೆಸುಣ್ಣದ ತುಂಡು
* ನಖಿ ಹಾಕೋ ಅಭ್ಯಾಸ ಇದ್ರೆ ಎರಡು ಜೊತೆ
* ಗಟ್ಟಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿ ಎಣ್ಣೆಯಲ್ಲಿ ಅದ್ದಿದ ಹತ್ತಿ (ಎಣ್ಣೆ ಚೆಲ್ಲೋ ಭಯ ಇಲ್ಲ)
* ಶ್ರುತಿಪೆಟ್ಟಿಗೆ ಅಥವಾ ತಂಬೂರಿ ಇರೋ ಮೊಬೈಲ್, ಚಾರ್ಜರ್
* ಕಾಂಟ್ಯಾಕ್ಟ್ ಮೈಕ್, ಹೊಸ ಬ್ಯಾಟರಿ, ಎಕ್ಸ್‌ಟೆನ್ಷನ್ ಬೋರ್ಡ್
* ಕೂರೋಕೆ ಜಮಖಾನ, ವೀಣೆ ಒರೆಸೋಕೆ ಒಣ ಹತ್ತಿ ಬಟ್ಟೆ
* ಒಂದು ಬಾಟಲಿ ನೀರು, ನಾಲ್ಕು ಬಿಸ್ಕೆಟ್. ಕಲಾವಿದರ ಊಟ ಕೊನೆಗೇ ಸಿಗೋದು!

ಮನೆಗೆ ಬಂದ ಮೇಲೆ

ಎಷ್ಟೇ ಸುಸ್ತಾಗಿರಲಿ, ವೀಣೆಯನ್ನ ಪೆಟ್ಟಿಗೆಯಲ್ಲೇ ಬಿಟ್ಟು ಮಲಗಬೇಡಿ. ತೆಗೆದು, ಬೆವರು ಎಣ್ಣೆ ಒರೆಸಿ, ಬುರುಡೆ ಹಾಕಿ, ಹೊರಗಿಡಿ. ಮಾರನೇ ದಿನ ಒಂದೊಂದೇ ಮೆಟ್ಟಿಲು ಮುಟ್ಟಿ ನೋಡಿ. ಯಾವುದಾದ್ರೂ ಅಲುಗಿದ್ರೆ ಒಂದು ಕಡೆ ಬರೆದಿಡಿ. ಒಂದೆರಡು ಸಡಿಲಾದಾಗಲೇ ಮೇಣ ಹಾಕಿಸಿದ್ರೆ ಸುಲಭ, ಎಲ್ಲಾ ಎದ್ದ ಮೇಲೆ ಪೂರ್ತಿ ಹೊಸದಾಗಿ ಕೂರಿಸಬೇಕಾಗುತ್ತೆ. ನಾನೇ ಗ್ಯಾಸ್ ಒಲೆ ಮೇಲೆ ಮೇಣ ಕಾಯಿಸಿ ಅಂಟಿಸ್ತೀನಿ ಅಂತ ಹೊರಡಬೇಡಿ. ಅದು ಕಿವಿ ಮತ್ತು ಕೈ ಎರಡೂ ಪಳಗಿದವರ ಕೆಲಸ.

ಮುಖ್ಯವಾದ ಮಾತು ಇನ್ನೊಂದಿದೆ. ವೀಣೆ ಹೊರಗೆ, ಕಣ್ಣಿಗೆ ಬೀಳೋ ಜಾಗದಲ್ಲಿರಲಿ. ಪೆಟ್ಟಿಗೆ ತೆಗೆಯೋಕೆ ಹತ್ತು ನಿಮಿಷ ಬೇಕು ಅಂದ್ರೆ ಆ ಹತ್ತು ನಿಮಿಷದ ಸೋಮಾರಿತನವೇ ನಮ್ಮ ಸಾಧನೆಗೆ ಶತ್ರು. ಹಾಲಿನ ಮೂಲೆಯಲ್ಲಿ ಚಾಪೆ ಮೇಲಿದ್ರೆ, ಹಾಲು ಉಕ್ಕೋವರೆಗೂ ಒಂದು ಸರಳೆ ವರಸೆ ನುಡಿಸಬಹುದು. (ಹಾಲಿನ ಕಡೆ ಒಂದು ಕಣ್ಣಿರಲಿ!)

ನಾನು ವೀಣೆ ತಗೊಂಡು ಹೊರಡೋಕೆ ಶುರು ಮಾಡಿದ ಹೊಸದರಲ್ಲಿ ನಮ್ಮತ್ತೆ ಬಾಗಿಲ ಹತ್ತಿರ ನಿಂತು "ಎಷ್ಟು ಹೊತ್ತಿಗೆ ಬರ್ತೀಯಾ?" ಅಂತ ಕೇಳ್ತಿದ್ರು. ತಪ್ಪಲ್ಲ ಬಿಡಿ, ರಾತ್ರಿ ಅಡುಗೆಯ ಲೆಕ್ಕಾಚಾರ ಇರುತ್ತಲ್ಲ. ಈಗಲೂ ಬಾಗಿಲಿಗೆ ಬರ್ತಾರೆ. ಕೇಳೋ ಪ್ರಶ್ನೆ ಮಾತ್ರ ಬದಲಾಗಿದೆ: "ಬುರುಡೆ ತಗೊಂಡ್ಯಾ? ತಿರುಪು?"

ಈ ಸಲ ತವರಿಗೆ ಹೋದಾಗ ಅಟ್ಟದ ಮೇಲೊಮ್ಮೆ ನೋಡಿ. ಉದ್ದ ಎಷ್ಟಿದೆ ಅಂತ ಅಳತೆ ತಗೊಳ್ಳಿ. ಪೆಟ್ಟಿಗೆ ಮಾಡಿಸೋಕೆ ಬೇಕಾಗುತ್ತಲ್ಲ!